ಕೋಡಿ ನೀರಿನ ಹುಲ್ಲು

ತಿನ್ನುತ್ತದೆ, ತಿನ್ನದೆ ಇನ್ನೇನು ಮಾಡುತ್ತದೆ, ಹಸು ತಾನೆ ಅದು, ಎಂದು ಬನಶಂಕರಿ ದಾಟಿದಾಗಿನಿಂದ ಅಲಮೇಲು ತನಗೆ ತಾನೇ ಹೇಳಿಕೊಳ್ಳುತ್ತಲೇ ಇದ್ದಳು. ತೊಡೆಯ ಮೇಲೆ ಒದ್ದೆ ಟವೆಲಿನಲ್ಲಿ ಸುತ್ತಿದ ಹುಲ್ಲಿನ ಕಟ್ಟು. ಅದರ ತಂಪು ರೇಷ್ಮೆ ಸೀರೆಯನ್ನು ದಾಟಿ ಮೈಗೆ ಇಳಿಯುತ್ತಿತ್ತು. ಸೀರೆ ಹಾಳಾಗುತ್ತದೆ ಎಂದು ಗೊತ್ತಿದ್ದೂ ಕಟ್ಟನ್ನು ಹಿಂದಿನ ಸೀಟಿಗೆ ಹಾಕಲು ಮನಸ್ಸು ಬಂದಿರಲಿಲ್ಲ. ಅರವತ್ತು ದಾಟಿದವಳು, ಜಯನಗರದ ಶಾಲೆಯೊಂದರಲ್ಲಿ ಹೊಲಿಗೆ ಟೀಚರಾಗಿ ರಿಟೈರಾದವಳು, ಅವಳ ಎದೆ ಹೀಗೆ ಡವಡವ ಅನ್ನಬಾರದು. ಅನ್ನುತ್ತಿತ್ತು. ಸ್ಕೂಲ್ ಡೇ ದಿನ ಪರದೆಯ ಹಿಂದೆ ತಮ್ಮ ಸರದಿಗೆ ಕಾಯುವ ಹುಡುಗಿಯರನ್ನು ಅವಳು ಎಷ್ಟು ವರ್ಷ ನೋಡಿದ್ದಳು, ಸುಮ್ಮನೆ ನಿಂತ್ಕೋಳೇ ಎಂದು ಗದರಿದ್ದಳು. ಅವರಿಗೆ ಸುಮ್ಮನೆ ನಿಲ್ಲಲು ಯಾಕೆ ಆಗುತ್ತಿರಲಿಲ್ಲ ಎಂಬುದು ಇವತ್ತು ಅರ್ಥವಾಗುತ್ತಿತ್ತು. ಕನಕಪುರ ರಸ್ತೆಯ ಮೆಟ್ರೊ ಕಂಬಗಳು ಒಂದೊಂದಾಗಿ ಹಿಂದಕ್ಕೆ ಹೋಗುತ್ತಿದ್ದವು, ಮತ್ತು ಪ್ರತಿಯೊಂದು ಕಂಬವನ್ನೂ ಅವಳು ಒಂದು ಉತ್ತರ ಕೇಳುತ್ತಿದ್ದಳು: ತಿನ್ನುತ್ತದೆ, ತಿನ್ನುವುದಿಲ್ಲ, ತಿನ್ನುತ್ತದೆ.

“ಏನು ಗೊಣಗ್ತಾ ಇದೀಯ?” ಸ್ಟಿಯರಿಂಗ್ ಹಿಡಿದಿದ್ದ ಗಂಡ ಅನಂತಪದ್ಮನಾಭ ಕೇಳಿದರು.

“ಸಹಸ್ರನಾಮ,” ಎಂದಳು.

“ಒಳ್ಳೇದು. ಗೃಹಪ್ರವೇಶದ ಹಸು ತಿನ್ನಲಿ ಅಂತ ಹರಕೆ ಹೊತ್ಕೊಂಡಂಗೂ ಆಯ್ತು.” ಅವರು ನಕ್ಕರು. ಕೆಟ್ಟ ನಗು ಅಲ್ಲ. ಅವರು ಯಾವತ್ತೂ ಕೆಟ್ಟದಾಗಿ ನಕ್ಕವರಲ್ಲ, ಅದಕ್ಕೇ ಅವರ ಮೇಲೆ ಸರಿಯಾಗಿ ಸಿಟ್ಟು ಮಾಡಿಕೊಳ್ಳಲು ಇಷ್ಟು ವರ್ಷವಾದರೂ ಅವಳಿಗೆ ಒಂದು ಅವಕಾಶವೇ ಸಿಕ್ಕಿರಲಿಲ್ಲ. “ಮಾತು ಮಾತೇ ನೋಡು ಮತ್ತೆ. ತಿಂದ್ರೆ ಸೈಟು ನಿಂದು, ಏನಾದ್ರೂ ಬೆಳ್ಕೋ. ತಿನ್ನಲಿಲ್ಲ ಅಂದ್ರೆ ಮಧ್ಯಾಹ್ನ ನಮ್ಮ ರವಿ ಹೇಳಿರೋ ಟಿಪ್ಪರ್ ಬರುತ್ತೆ, ಮಣ್ಣು ಹಾಕ್ಸಿ ಎತ್ತರ ಮಾಡ್ಸಿಬಿಡೋಣ. ಆಮೇಲೆ ಅಳಬಾರದು.”

“ಅಳಲ್ಲ,” ಎಂದಳು ಅಲಮೇಲು. ನಿನ್ನೆ ರಾತ್ರಿ ಊಟ ಬಡಿಸುವಾಗ ಹೀಗೆಯೇ ಹೂಂ ಅಂದುಬಿಟ್ಟಿದ್ದಳು. ಸಾರಿನ ಸೌಟು ಕೈಯಲ್ಲಿದ್ದಾಗ ಮನುಷ್ಯರು ಯಾವುದಕ್ಕೂ ಹೂಂ ಅನ್ನಬಾರದು. ಆದರೆ ಆ ಹೊತ್ತಿಗೆ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆಗ ತಾನೇ ಮೊದಲ ಕೊಯ್ಲು ಮುಗಿಸಿ ಬಂದಿದ್ದಳು. ಅಂಗೈಯಲ್ಲಿ ಹುಲ್ಲಿನ ಗರಿ ಗೀರಿದ ಸಣ್ಣ ಕೆಂಪು ಗೆರೆಗಳಿದ್ದವು, ಸಾರು ತಗುಲಿ ಅವು ಚುರುಗುಟ್ಟುತ್ತಿದ್ದವು, ಆ ಉರಿಯೂ ಅವಳಿಗೆ ಹಿತವಾಗಿತ್ತು.

ಆ ಸೈಟನ್ನು ಅವರು ಕೊಂಡದ್ದು ಮಳೆ ಕೈಕೊಟ್ಟ ಒಂದು ವರ್ಷದ ಬೇಸಿಗೆಯಲ್ಲಿ. ತಲಘಟ್ಟಪುರದ ಹಿಂದೆ ಹೊಸ ಲೇಔಟು, ನೆಲ ಬಿರಿದು ಒಣಗಿತ್ತು, ಅನಂತಪದ್ಮನಾಭ ಚಪ್ಪಲಿಯಿಂದ ನೆಲವನ್ನು ಗುದ್ದಿ ನೋಡಿ ಕಲ್ಲಿನ ಹಾಗಿದೆ ಅಂದಿದ್ದರು. ಮುಂದಿನ ಮಳೆಗಾಲಕ್ಕೆ ಗೊತ್ತಾಯಿತು, ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಹೆಚ್ಚಾದ ನೀರು ಹರಿಯುವ ದಾರಿಯೇ ಅದು ಎಂದು. ಮಳೆ ನಿಂತ ಮೇಲೂ ತೇವ ಆರಲಿಲ್ಲ. ಅಕ್ಕಪಕ್ಕದವರು ಒಡೆದ ಕಟ್ಟಡಗಳ ಡೆಬ್ರಿಯನ್ನು ಲೋಡುಗಟ್ಟಲೆ ಸುರಿಸಿ ತಮ್ಮ ಸೈಟು ಎತ್ತರಿಸಿಕೊಂಡ ಮೇಲಂತೂ ಎಲ್ಲರ ನೀರೂ ಇವರ ಸೈಟಿಗೇ ಬಂದು ಕೂತಿತು. ನೆಂಟರ ಮನೆಯ ಮದುವೆ, ಮುಂಜಿ, ವೈಕುಂಠ ಸಮಾರಾಧನೆ, ಎಲ್ಲಿಗೆ ಹೋದರೂ ಮೈದುನ ರವಿಕಿರಣ್ ಎಲೆಯ ಮುಂದೆ ಕೂತು ಕೇಳುತ್ತಿದ್ದ, “ಅತ್ತಿಗೆ, ಸೈಟಲ್ಲಿ ಮೀನು ಬಿದ್ವಾ?” ಪಂಕ್ತಿಯೆಲ್ಲ ನಗುತ್ತಿತ್ತು. ಅವಳೂ ನಗುತ್ತಿದ್ದಳು. ಎಲ್ಲರಿಗಿಂತ ಮೊದಲು ನಕ್ಕುಬಿಟ್ಟರೆ ನೋವು ಕಡಿಮೆ ಎಂದು ಅವಳು ಕಂಡುಕೊಂಡಿದ್ದಳು. ನಗುನಗುತ್ತಾ ಎಷ್ಟೋ ವರ್ಷ ಹೋಯಿತು. ಒಂದು ದಿನ ಕನ್ನಡಿಯ ಮುಂದೆ ಕುಂಕುಮ ಇಟ್ಟುಕೊಳ್ಳುವಾಗ ತಾನು ಸುಮ್ಮನಿದ್ದಾಗಲೂ ತನ್ನ ತುಟಿ ಆ ನಗುವಿನ ಆಕಾರದಲ್ಲೇ ನಿಂತಿದೆ ಅನಿಸಿ ಹೆದರಿಕೆಯಾಗಿತ್ತು.

ಹುಲ್ಲಿನ ಯೋಚನೆ ಯಾವಾಗ ಹೊಕ್ಕಿತು ಎಂದು ಕೇಳಿದರೆ ಅವಳಿಗೇ ಗೊತ್ತಿಲ್ಲ. ಮೊದಲ ಸಲ ಎಲ್ಲರೂ ಬೆಳೆಯುತ್ತಾರೆಂದು ಸೀಮೆಹುಲ್ಲು ಹಾಕಿದಳು. ಜೋಳದ ಗಿಡದ ಹಾಗೆ ಎದ್ದು ನಿಲ್ಲುತ್ತದೆ, ದನಕ್ಕೆ ಪ್ರಾಣ, ಎಂದೆಲ್ಲ ಕೇಳಿದ್ದಳು. ಎದ್ದದ್ದೇನೋ ಎದ್ದಿತು, ಮಂಡಿಯೆತ್ತರಕ್ಕೆ ಬಂದು ಹಳದಿ ತಿರುಗಿತು, ಒಂದು ಬುಡ ಹಿಡಿದು ಎಳೆದರೆ ಬೇರೇ ಇಲ್ಲದೆ ಕೈಗೆ ಬಂತು, ಕೊಳೆತ ನಾತದ ಜೊತೆ. ನೀರು ನಿಂತ ನೆಲದಲ್ಲಿ ಅದಕ್ಕೆ ಉಸಿರು ಕಟ್ಟುತ್ತದೆ. ಆ ದಿನ ಕೆಸರಿನಲ್ಲಿ ಕೂತು ಅತ್ತಿದ್ದಳು, ಯಾರೂ ನೋಡಲಿಲ್ಲ. ಆಮೇಲೆ ಗೊಟ್ಟಿಗೆರೆಯಲ್ಲಿ ಯಾರದೋ ನಾಮಕರಣಕ್ಕೆ ಹೋದಾಗ ಕೆರೆಯಂಚಿನಲ್ಲಿ ಕಂಡಿತು ಇದು: ನೀರಿನ ಮೇಲೆಯೇ ತೆವಳುತ್ತಾ ಹೋಗುವ, ಗಿಣ್ಣುಗಿಣ್ಣಿಗೂ ನವಿರು ಕೂದಲಿರುವ, ಗಿಣ್ಣು ನೆಲಕ್ಕೆ ತಾಗಿದಲ್ಲೆಲ್ಲ ಬೇರು ಬಿಡುವ ಹುಲ್ಲು. ಹೆಸರು ಕೇಳಿದರೆ ಕೊಯ್ಯುತ್ತಿದ್ದವಳು ನೀರುಹುಲ್ಲು ಅಂದಳು. ಅಲಮೇಲು ರೇಷ್ಮೆ ಸೀರೆಯಲ್ಲೇ ಬಗ್ಗಿ ಒಂದು ಹಿಡಿ ಕಿತ್ತು, ತಾಂಬೂಲದ ಚೀಲಕ್ಕೆ ತೆಂಗಿನಕಾಯಿಯ ಕೆಳಗೆ ತುರುಕಿಕೊಂಡಿದ್ದಳು.

ನೆಡುವುದು ಸುಲಭ, ಹೊಲಿಗೆಯ ಹಾಗೇ. ತುಂಡು ಮಾಡಿದ ಕಡ್ಡಿಯನ್ನು ಓರೆಯಾಗಿ ಕೆಸರಿಗೆ ಚುಚ್ಚಿ, ಎರಡು ಗಿಣ್ಣು ಒಳಗೆ, ಒಂದು ಹೊರಗೆ, ಹಿಮ್ಮಡಿಯಿಂದ ಒತ್ತಿ, ಮುಂದಿನದು. ನೀರು ಒಂದೇ ಕಡೆ ನಿಂತು ಹುಳಿಯಾಗದಿರಲಿ ಎಂದು ಗುದ್ದಲಿಯಿಂದ ಒಂದು ಕಿರುಗಾಲುವೆ ಎಳೆದಳು. ಗುರುವಾರ ಗುರುವಾರ ಪಾರಾಯಣಕ್ಕೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಸ್ಸು ಹತ್ತುತ್ತಿದ್ದಳು. ಸುಳ್ಳು ಹೇಳಿದ್ದಕ್ಕೆ, ಅದೂ ದೇವರ ಹೆಸರಿನಲ್ಲಿ, ಬಸ್ಸಿನಲ್ಲಿ ಹೋಗುವಾಗ ಗಲ್ಲ ಗಲ್ಲ ಬಡಿದುಕೊಳ್ಳುತ್ತಿದ್ದಳು. ಇಳಿದು ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಬರಿಗಾಲನ್ನು ಕೆಸರಿಗೆ ಇಟ್ಟ ಕೂಡಲೇ ಅಳುಕೆಲ್ಲ ಮಾಯ. ಬೆರಳ ಸಂದಿಯಿಂದ ಕೆಸರು ಮೇಲೆ ಬರುವಾಗ ಆಗುವ ಸುಖವನ್ನು ಅವಳು ಯಾರ ಹತ್ತಿರವೂ ಹೇಳಿಕೊಳ್ಳಲಾರಳು. ಈ ಮುಂಗಾರಿನಲ್ಲಿ ಅದು ಒಮ್ಮೆಲೇ ಹಬ್ಬಿತು. ಕೋಡಿ ಬಿದ್ದ ದಿನ ಎಲ್ಲ ಮುಳುಗಿತೆಂದು ಓಡಿಹೋಗಿ ನೋಡಿದರೆ ನೀರಿನ ಮೇಲೆ ತಲೆ ಎತ್ತಿಕೊಂಡು ನಿಂತಿತ್ತು, ಇಡೀ ಸೈಟು, ಹಸಿರೆಂದರೆ ಹಸಿರು. ಅಲ್ಲೇ ನಿಂತು ಜೋರಾಗಿ ನಕ್ಕಿದ್ದಳು. ಆ ನಗು ಬೇರೆ, ಪಂಕ್ತಿಯಲ್ಲಿ ನಗುವ ನಗು ಬೇರೆ. ಅಷ್ಟರಲ್ಲಿ ಗಂಡನಿಗೂ ಗೊತ್ತಾಗಿತ್ತು, ಬಯ್ಯಲಿಲ್ಲ, “ಟೈಂಪಾಸ್ ಮಾಡ್ತಿದೀಯ, ಮಾಡು” ಅಂದರು. ಬೈದಿದ್ದರೇ ವಾಸಿಯಾಗಿತ್ತು.

“ಬಂತು ನೋಡು,” ಎಂದರು ಅನಂತಪದ್ಮನಾಭ. ರವಿಕಿರಣನ ಹೊಸ ಫ್ಲಾಟಿರುವ ಅಪಾರ್ಟ್‌ಮೆಂಟು. ಗೇಟಿಗೆ ಚೆಂಡುಹೂವಿನ ತೋರಣ, ಒಳಗೆ ಗಣಹೋಮದ ಹೊಗೆ. ಈ ಕಟ್ಟಡದ ಹಿಂದಿನ ರಸ್ತೆಯ ಕೊನೆಯಲ್ಲೇ ಅವಳ ಸೈಟು. ಇಷ್ಟು ಹತ್ತಿರದಲ್ಲಿ ಬಂದು ಮನೆ ತಗೊಂಡ ಮೇಲೆ ರವಿಯ ಕಣ್ಣು ಅದರ ಮೇಲೆ ಬಿದ್ದಿತ್ತು; ಎತ್ತರಿಸಿ ಮಾರಿದರೆ ಒಳ್ಳೆಯದು, ನಮ್ಮ ಬಿಲ್ಡರ್ ಹತ್ತಿರ ಮಣ್ಣು ಬೇಕಾದಷ್ಟಿದೆ, ಒಂದು ಫೋನ್ ಮಾಡಿದರೆ ಸಾಕು, ಎಂದು ಅಣ್ಣನ ಕಿವಿ ಕಚ್ಚುತ್ತಿದ್ದವನು ಅವನೇ.

ಗೃಹಪ್ರವೇಶದ ಹಸು ಆಗಲೇ ಬಂದಿತ್ತು. ಅದು ಮೊದಲು ಹೊಸಿಲು ದಾಟಬೇಕು, ಆಮೇಲೆ ಮನೆಯವರು. ಲಿಫ್ಟಿನಲ್ಲಿ ಹಸುವನ್ನು ಏರಿಸಕೂಡದು ಎಂದು ಅಸೋಸಿಯೇಷನ್ನಿನವರು ಪಟ್ಟು ಹಿಡಿದಿದ್ದರಿಂದ, ಇಡೀ ಕಟ್ಟಡವೇ ಒಂದು ಮನೆ ಇದ್ದ ಹಾಗೆ ಎಂದು ಪುರೋಹಿತರು ತೀರ್ಪು ಕೊಟ್ಟು, ಕೆಳಗಿನ ಲಾಬಿಯಲ್ಲೇ ಪೂಜೆ ಇಟ್ಟುಕೊಂಡಿದ್ದರು. ಹೊಳೆಯುವ ಟೈಲ್ಸಿನ ಮೇಲೆ ಜಾರದಿರಲೆಂದು ರಬ್ಬರ್ ಚಾಪೆ, ಅದರ ಮೇಲೆ ಹಣೆಯಲ್ಲಿ ಬಿಳಿ ಚುಕ್ಕೆಯಿರುವ ಕಂದು ಹಸು, ಪಕ್ಕದಲ್ಲಿ ಬಕೆಟ್ಟು ಹಿಡಿದು ಗಂಭೀರವಾಗಿ ನಿಂತ ಸೆಕ್ಯುರಿಟಿ. ಹಸುವಿನ ಹಗ್ಗ ಹಿಡಿದವನು ಪಿಳ್ಳಣ್ಣ. ಬನಶಂಕರಿಯ ಕಡೆಯವನು, ಈ ಭಾಗದ ಗೃಹಪ್ರವೇಶಗಳಿಗೆಲ್ಲ ಅವನದೇ ಹಸು. ಕಿವಿಗೆ ಫೋನು ಆನಿಸಿಕೊಂಡು ಯಾರಿಗೋ, “ಬಂದೆ ಸಾರ್, ವಸಂತಪುರಕ್ಕೆ ತಾನೆ, ಇಲ್ಲೊಂದು ಮುಗಿಸ್ಕೊಂಡು ಬಂದೆ,” ಎನ್ನುತ್ತಿದ್ದ.

ಓರಗಿತ್ತಿ ಸೌಮ್ಯ ಹತ್ತಿರ ಬಂದಳು, ಕಟ್ಟನ್ನು ನೋಡಿ ದನಿ ತಗ್ಗಿಸಿದಳು. “ಅಕ್ಕ, ತೊಳೆದಿದೀರ ತಾನೆ? ತಪ್ಪು ತಿಳ್ಕೋಬೇಡಿ. ಮೋರಿ ನೀರು ಸೇರೋ ಜಾಗ ಅಂತಾರೆ, ಮಡೀಲಿ ಪೂಜೆ ನಡೀತಿದೆ ನೋಡಿ.”

“ತೊಳೆದಿದೀನಿ ಕಣೆ,” ಎಂದಳು ಅಲಮೇಲು. ಮೊನ್ನೆ ಫೋನಿನಲ್ಲಿ ಇದೇ ಮಾತನ್ನು ಸೌಮ್ಯ ಅಂದಾಗ ಅವಳಿಗೆ ನೆಲ ಬಾಯ್ಬಿಡಬಾರದೆ ಅನಿಸಿತ್ತು. ಅದಕ್ಕೇ ಇವತ್ತು ಬೆಳಕು ಹರಿಯುವ ಮುಂಚೆ ಎದ್ದು, ಸ್ನಾನ ಮಾಡಿ, ಹುಲ್ಲನ್ನು ಬಚ್ಚಲಲ್ಲಿ ಎಸಳು ಎಸಳಾಗಿ ಜಾಲಿಸಿದ್ದಳು. ಒಂದು ಸಲ ಬರೀ ನೀರು, ಒಂದು ಸಲ ಅರಿಶಿನದ ನೀರು. ಆದರೂ ಮನಸ್ಸಿಗೆ ಸಮಾಧಾನವಿಲ್ಲ, ಮೂಗಿಗೆ ಎಲ್ಲೋ ಕೆಸರು ಹತ್ತುತ್ತಿದೆ ಅನಿಸಿ, ದೇವರಮನೆಯ ಡಬ್ಬಿಯಿಂದ ಪಚ್ಚಕರ್ಪೂರ ತೆಗೆದು ಪುಡಿಮಾಡಿ, ತುಳಸಿಯ ಜೊತೆ ನೀರಿಗೆ ಹಾಕಿ, ತೀರ್ಥದ ಹಾಗೆ ಮಾಡಿಕೊಂಡು ಅದರಲ್ಲಿ ಅದ್ದಿ ತೆಗೆದಿದ್ದಳು. ಆಮೇಲೇ ಒಂದು ಧೈರ್ಯ ಬಂದಿತ್ತು.

ಪುರೋಹಿತರು ಹಸುವಿನ ಹಣೆಗೆ ಕುಂಕುಮ ಇಡಿಸಿದರು. ಬಾಳೆಹಣ್ಣು ಕೊಟ್ಟರು, ಸಿಪ್ಪೆ ಸಮೇತ ತಿಂದಿತು. ಅಕ್ಕಿ ಬೆಲ್ಲ ತಿಂದಿತು. ಸೌಮ್ಯಳ ಸೊಪ್ಪಿನ ಕಟ್ಟನ್ನು ಬೇರಿನ ಸಮೇತ ತಿಂದಿತು. “ಈಗ ನಮ್ಮ ಅತ್ತಿಗೆ ಫಾರ್ಮ್ ಇಂದ ಸ್ಪೆಷಲ್ ಐಟಂ,” ಎಂದು ರವಿಕಿರಣ್ ಕೂಗಿದ. ನೆಂಟರು ಮೊಬೈಲು ಎತ್ತಿದರು. ಅಲಮೇಲು ಟವೆಲು ಬಿಚ್ಚಿದಳು. ಹಸಿರು ಹೊಳೆಯುತ್ತಿತ್ತು, ಎಂಥ ಚಂದ, ಯಾರಾದರೂ ಅದನ್ನೊಂದು ಹೇಳಬಾರದೆ ಅನಿಸಿತು. ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು. ಹಸು ಕತ್ತು ಮುಂದೆ ಮಾಡಿತು, ಅದರ ಬಿಸಿಯುಸಿರು ಬೆರಳಿಗೆ ತಾಗಿತು, ಈಗ ತಿನ್ನುತ್ತದೆ, ಈಗ. ಅದು ಫುಸ್ ಎಂದು ಉಸಿರುಬಿಟ್ಟು ಮುಖ ತಿರುಗಿಸಿತು.

“ತಿನ್ನಮ್ಮ,” ಎಂದಳು. ಮತ್ತೆ ಚಾಚಿದಳು. ಹಸು ಹಿಂದಕ್ಕೆ ಸರಿದು, ತಲೆ ಕೊಡವಿ, ಬಗ್ಗಿ ರಂಗೋಲಿಯ ಅಕ್ಕಿಹಿಟ್ಟನ್ನು ನೆಕ್ಕತೊಡಗಿತು.

“ಅತ್ತಿಗೆ, ಇದೂ ಸೈಟ್ ನೋಡ್ಕೊಂಡು ಬಂದಿರ್ಬೇಕು,” ಎಂದ ರವಿಕಿರಣ್. ಲಾಬಿಯೆಲ್ಲ ನಕ್ಕಿತು. ಅಲಮೇಲುವೂ ನಕ್ಕಳು. ನಕ್ಕ ಮೇಲೆ ಗೊತ್ತಾಯಿತು ನಕ್ಕೆ ಎಂದು, ತನ್ನ ಬಾಯಿ ತನ್ನನ್ನು ಕೇಳದೆ ನಕ್ಕುಬಿಟ್ಟಿತು ಎಂದು, ಮತ್ತು ಆ ಕ್ಷಣದಲ್ಲಿ ರವಿಯ ಮೇಲೆ ಬಾರದ ರೋಷ ಅವಳಿಗೆ ತನ್ನ ಬಾಯಿಯ ಮೇಲೆ ಬಂತು. ಅನಂತಪದ್ಮನಾಭ ಅವಳ ಭುಜ ಮುಟ್ಟಿ ಮೆಲ್ಲಗೆ, “ಹೋಗ್ಲಿ ಬಿಡು. ಒಂದು ಕೈ ನೋಡಿದ್ದಾಯ್ತಲ್ಲ,” ಎಂದರು. ಎಲ್ಲರೂ ಲಿಫ್ಟಿನ ಕಡೆ ತಿರುಗಿದರು. ಹಾಲುಕ್ಕಿಸುವ ಮುಹೂರ್ತ ಮೀರುತ್ತಿದೆ ಎಂದು ಪುರೋಹಿತರು ಅವಸರ ಮಾಡುತ್ತಿದ್ದರು.

ಅವಳು ಹೋಗಲಿಲ್ಲ. ಚೆಲ್ಲಿದ ಹುಲ್ಲನ್ನು ಚಾಪೆಯ ಮೇಲಿಂದ ಆರಿಸಿಕೊಂಡು, ಎಲ್ಲಿ ಹಾಕುವುದು ತಿಳಿಯದೆ ಹೊರಗೆ ಬಂದಳು. ಗಾಡಿಗೆ ಹಸು ಹತ್ತಿಸಲು ಹಲಗೆ ಇಡುತ್ತಿದ್ದ ಪಿಳ್ಳಣ್ಣ ಸಮಾಧಾನಕ್ಕೆಂದು ಹೇಳಿದ, “ಬೇಜಾರ್ ಮಾಡ್ಕೋಬೇಡಿ ಅಮ್ಮಾ. ಚುಕ್ಕಿಗೆ ಇವತ್ತು ಮೂಡ್ ಸರಿಯಿಲ್ಲ. ಹೊಟ್ಟೆ ತುಂಬಿರ್ಬೇಕು.”

ಹೊಟ್ಟೆ ತುಂಬಿದ ಹಸು ರಂಗೋಲಿ ನೆಕ್ಕುತ್ತದೆಯೆ? ಅಲಮೇಲು ಕೈಯಲ್ಲಿದ್ದ ಹುಲ್ಲನ್ನು ಮೂಗಿನ ಹತ್ತಿರ ತಂದಳು. ಬೆಳಗಿನಿಂದ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದವಳು ಒಂದು ಸಲವೂ ಮೂಸಿರಲಿಲ್ಲ. ದೇವರಮನೆಯ ವಾಸನೆ. ತೀರ್ಥದ ಬಟ್ಟಲಿನ, ಏಕಾದಶಿಯ, ಅವಳ ಅತ್ತೆಯ ಮಡಿಸೀರೆಯ ವಾಸನೆ. ಹುಲ್ಲಿನ ವಾಸನೆಯೇ ಇಲ್ಲ. ಒಂದು ಎಸಳು ಬಾಯಿಗಿಟ್ಟು ಕಚ್ಚಿದಳು. ನಾಲಿಗೆ ಕಹಿಯಾಗಿ ಮೂಗಿನವರೆಗೂ ಚುರ್ ಎಂದಿತು. ಅಯ್ಯೋ ರಾಮ, ನಾನೇ. ಬೇರೆ ಯಾರೂ ಅಲ್ಲ. ರವಿ ನಕ್ಕದ್ದು ಸೈಟನ್ನು ನೋಡಿ, ಸೌಮ್ಯ ಮೂಗು ಮುರಿದದ್ದು ಮೋರಿಯ ನೀರಿಗೆ. ಆದರೆ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು, ಕೆಸರಿನಲ್ಲಿ ಹುಟ್ಟಿದ್ದಕ್ಕೆ ಕೆಸರಿನ ಗುರುತೇ ಇರಬಾರದೆಂದು ತಿಕ್ಕಿ ತಿಕ್ಕಿ ತೊಳೆದವಳು ತಾನು. ಎಲ್ಲರಿಗಿಂತ ಹೆಚ್ಚು ನಾಚಿಕೆಪಟ್ಟವಳು ತಾನೇ. ಆ ನಾಚಿಕೆಯನ್ನು ಹಸುವಿನ ಬಾಯಿಗೆ ತುರುಕಲು ಹೋಗಿದ್ದಳು. ಅದು ಬೇಡ ಅಂದಿತು, ಅಷ್ಟೆ. ಹುಲ್ಲನ್ನು ಬೇಡ ಅಂದದ್ದಲ್ಲ. ಇದು ಹೊಳೆದದ್ದೇ ತಡ ಅವಳಿಗೆ ಅಳು ಬರಬೇಕಿತ್ತು, ಬರಲಿಲ್ಲ, ಬಂದದ್ದು ಸಂತೋಷ, ಮೈಯೆಲ್ಲ ಬೆಚ್ಚಗಾಗುವಂಥ ಹುಚ್ಚು ಸಂತೋಷ.

“ಪಿಳ್ಳಣ್ಣ, ಹಲಗೆ ತೆಗೀರಿ,” ಎಂದಳು. “ಇಲ್ಲೇ ಹಿಂದಿನ ರೋಡಲ್ಲಿ ನನ್ನ ಹುಲ್ಲಿದೆ. ಹಸೂನ ನಡೆಸ್ಕೊಂಡು ಬನ್ನಿ. ಎಷ್ಟು ಬೇಕಾದ್ರೂ ತಿನ್ನಲಿ.”

“ಅಯ್ಯೋ ಅಮ್ಮಾ, ವಸಂತಪುರದೋರು ಕಾಯ್ತಿದಾರೆ. ಮುಹೂರ್ತ.”

“ಹಸಿರು ಮೇವು ಕಣ್ರೀ. ನೀವೂ ಒಂದು ಹೊರೆ ಕೊಯ್ಕೊಂಡು ಹೋಗಿ.”

ಪಿಳ್ಳಣ್ಣ ಫೋನು ನೋಡಿದ, ಹಸುವನ್ನು ನೋಡಿದ, ವಸಂತಪುರದವರಿಗೆ ಟ್ರಾಫಿಕ್ಕೆಂದು ಹೇಳಿದ. ಹೊಸ ಅಪಾರ್ಟ್‌ಮೆಂಟುಗಳ ನಡುವೆ ಅವರು ಹೊರಟರು: ಮುಂದೆ ರೇಷ್ಮೆ ಸೀರೆಯ ಅಲಮೇಲು, ಹಿಂದೆ ಕುಂಕುಮ ಹಚ್ಚಿಕೊಂಡ ಚುಕ್ಕಿ, ಅದರ ಹಿಂದೆ ಗೊಣಗುತ್ತಾ ಪಿಳ್ಳಣ್ಣ. ಬಾಲ್ಕನಿಯಿಂದ ಯಾರೋ ನೋಡುತ್ತಿದ್ದರು. ನೋಡಲಿ. ಮೇಲೆ ಹಾಲು ಉಕ್ಕುತ್ತಿರಬಹುದು, ಹಿರಿಸೊಸೆ ಎಲ್ಲಿ ಎಂದು ಹುಡುಕುತ್ತಿರಬಹುದು, ನಾಳೆ ಇಡೀ ಬಳಗದಲ್ಲಿ ಇದೇ ಮಾತು. ಎದೆ ಮತ್ತೆ ಡವಡವ ಅನ್ನುತ್ತಿತ್ತು, ಆದರೆ ಈ ಸಲ ಅವಳು ಅದನ್ನು ತಡೆಯಲು ಹೋಗಲಿಲ್ಲ. ಸೈಟಿನ ತಿರುವು ಬರುವ ಮುಂಚೆಯೇ ಹಸು ತಲೆ ಎತ್ತಿತು. ಮೂಗು ಅರಳಿಸಿತು. ಅವಳನ್ನು ದಾಟಿಕೊಂಡು, ಪಿಳ್ಳಣ್ಣನ ಕೈಯಿಂದ ಹಗ್ಗ ಕಿತ್ತುಕೊಂಡು, ಓಡಿತು.

ಮಂಡಿಯುದ್ದ ನೀರಿಗೆ ಇಳಿದು ಬಾಯಿ ಹಾಕಿತು. ಎಂಥ ಸದ್ದು ಅದು. ಕಡ್ಡಿ ಕಡಿಯುವ ಕರಕರ, ಬುಡದಿಂದ ಕೀಳುವಾಗಿನ ಪಚಕ್, ಮೂಗಿನಿಂದ ನೀರು ಚಿಮ್ಮಿಸುವ ಬುಸುಬುಸು. ಅಲಮೇಲು ಸೀರೆ ಎತ್ತಿಕಟ್ಟುವುದನ್ನೂ ಮರೆತು ಅದರ ಹಿಂದೆಯೇ ಕೆಸರಿಗೆ ಇಳಿದಳು. “ಮೆಲ್ಲಗೆ ತಿನ್ನೇ, ಮೆಲ್ಲಗೆ. ಎಲ್ಲಾ ನಿಂದೇ,” ಎನ್ನುತ್ತಾ ಅದರ ಬೆನ್ನ ಮೇಲೆ ಕೈಯಿಟ್ಟಳು. ಆ ಚರ್ಮ ಕಂಪಿಸುವುದು ಅಂಗೈಗೆ ತಿಳಿಯುತ್ತಿತ್ತು. ಹುಲ್ಲು ಚಂದ ಎಂದು ಹೇಳಲು ಈಗ ಯಾರೂ ಬೇಕಾಗಿರಲಿಲ್ಲ. ತಿಂದರೂ ತಿನ್ನದಿದ್ದರೂ ಇದನ್ನು ಪಂದ್ಯಕ್ಕಿಟ್ಟದ್ದೇ ತಪ್ಪು ಎಂದು ಅವಳಿಗೆ ಅಲ್ಲಿ, ಆ ನೀರಿನಲ್ಲಿ, ಸ್ಪಷ್ಟವಾಗಿ ಅನಿಸಿತು.

ಟಿಪ್ಪರು ಊಟದ ಹೊತ್ತಿಗೆ ಮುಂಚೆಯೇ ಬಂತು. ಒಡೆದ ಇಟ್ಟಿಗೆ, ಸಿಮೆಂಟಿನ ಹೆಂಟೆ, ಮಣ್ಣು ತುಂಬಿಕೊಂಡು ರಸ್ತೆಯ ತುದಿಯಲ್ಲಿ ನಿಂತಿತು. ಅದರ ಹಿಂದೆಯೇ, ಹೆಂಡತಿಯನ್ನು ಹುಡುಕಿಕೊಂಡು, ಜರಿಪಂಚೆಯ ಅಂಚು ಕೈಯಲ್ಲಿ ಎತ್ತಿಹಿಡಿದು ಅನಂತಪದ್ಮನಾಭ ಬಂದರು. ಹಸುವನ್ನು ಕಂಡರು, ಅದರ ಪಕ್ಕದಲ್ಲಿ ಸೊಂಟದವರೆಗೂ ಒದ್ದೆಯಾದ ಹೆಂಡತಿಯನ್ನು ಕಂಡರು.

ಡ್ರೈವರ್ ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿದ. “ಸಾರ್, ರವಿಕಿರಣ್ ಸಾರ್ ಕಳಿಸಿದ್ರು. ಈ ಸೈಟ್ ತಾನೆ? ಹಸು ಸರಿಸಿ, ಸುರೀತೀನಿ.”

“ಇದು ಸೈಟಲ್ಲಪ್ಪ, ಹೊಲ,” ಎಂದಳು ಅಲಮೇಲು ನೀರಿನೊಳಗಿಂದ. ಅವಳ ದನಿ ಅವಳಿಗೇ ಹೊಸದಾಗಿತ್ತು, ಅದರಲ್ಲಿ ನಗುವಿರಲಿಲ್ಲ. “ಇಲ್ಲಿ ಮಣ್ಣು ಹಾಕಂಗಿಲ್ಲ. ವಾಪಸ್ ತಗೊಂಡ್ ಹೋಗು.”

ಡ್ರೈವರ್ ಅವಳನ್ನು ನೋಡಿ, ದಡದಲ್ಲಿ ನಿಂತ ಗಂಡಸನ್ನು ನೋಡಿದ. “ಓನರ್ ಯಾರು ಸಾರ್?”

ಸೈಟಿನ ಕ್ರಯಪತ್ರದಲ್ಲಿದ್ದದ್ದು ಅನಂತಪದ್ಮನಾಭರ ಹೆಸರು. ಅವರು ಕೆಮ್ಮಿದರು.

“ನಾನು,” ಎಂದಳು ಅಲಮೇಲು.

ಅವರು ಡ್ರೈವರನ ಕಡೆ ತಿರುಗದೆ, ಕಡ್ಡಿ ಕಡಿಯುತ್ತಿದ್ದ ಹಸುವನ್ನೇ ನೋಡಿದರು. “ಹಾಗಾದ್ರೆ ಸ್ವಲ್ಪ ಜಾಗ ಬಿಡಿ ಸಾರ್, ಗಾಡಿ ತಿರುಗಿಸ್ಬೇಕು,” ಎಂದ ಡ್ರೈವರ್. ರಸ್ತೆ ಕಿರಿದು. ಅನಂತಪದ್ಮನಾಭ ಹಿಂದೆ ನೋಡಿದರು, ಚಪ್ಪಲಿ ಬಿಚ್ಚಿ ಅಂಚಿನ ಕಲ್ಲಿನ ಮೇಲಿಟ್ಟರು, ಪಂಚೆಯನ್ನು ಮೇಲೆತ್ತಿ ಕಟ್ಟಿಕೊಂಡು, ಒಂದು ಕಾಲನ್ನು ಕೆಸರಿಗೆ ಇಟ್ಟರು.